ಹೊಸ ಪುಲ್ಲಿ ಹಾಕಿಸಿದರೆ ಕಾರಿಗೆ ಪಿಕಪ್ ಬರುತ್ತಾ? ಮಾರುವವರು ಹೇಳದ ಲೆಕ್ಕ ಇಲ್ಲಿದೆ

ಕಾರಿನ ಬಾನೆಟ್ ಎತ್ತಿದರೆ ಎಂಜಿನ್‌ನ ಒಂದು ಪಕ್ಕದಲ್ಲಿ ಕಪ್ಪು ಬೆಲ್ಟ್ ಸುತ್ತಿಕೊಂಡ ಮೂರ್ನಾಲ್ಕು ಗಾಲಿಗಳು ಕಾಣುತ್ತವೆ. ಅವೇ ಪುಲ್ಲಿಗಳು. ಕಂಪನಿ ಕೊಟ್ಟ ಪುಲ್ಲಿ ಬಿಚ್ಚಿ, ಕೆಂಪು ನೀಲಿ ಬಣ್ಣದ ಹಗುರವಾದ ಅಲ್ಯೂಮಿನಿಯಂ ಪುಲ್ಲಿ ಹಾಕಿಸಿದರೆ ಪಿಕಪ್ ಜಾಸ್ತಿಯಾಗುತ್ತೆ, ಐದೋ ಹತ್ತೋ ಎಚ್‌ಪಿ ಪುಕ್ಕಟೆ ಸಿಗುತ್ತೆ, ಮೈಲೇಜೂ ಏರುತ್ತೆ ಅನ್ನೋ ಮಾತು ರೀಲ್ಸ್‌ಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ, ಮಾಡಿಫಿಕೇಶನ್ ಗ್ಯಾರೇಜುಗಳಲ್ಲಿ ಓಡಾಡುತ್ತಲೇ ಇರುತ್ತದೆ.

ಇದು ಕಾರಿನ ಶೋಕಿಯ ವಿಷಯ, ರಾಜಕೀಯ ಓದುವ ಜಾಗದಲ್ಲಿ ಇದೇಕೆ ಅಂತ ನೀವು ಕೇಳಬಹುದು. ನಾನು ಆಟೊಮೊಬೈಲ್ ಡಿಪ್ಲೊಮಾ ಓದಿ, ಕೆಲ ವರ್ಷ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡವನು. ಈ ಪ್ರಶ್ನೆಯನ್ನು ನನ್ನ ಹತ್ತಿರ ಕೇಳುವವರು ಮೂರು ಕಾರು ಇಟ್ಟುಕೊಂಡ ಶ್ರೀಮಂತರಲ್ಲ. ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡು, ತಿಂಗಳ ಕಂತು ಕಟ್ಟುತ್ತಾ, ಅದನ್ನೇ ಒಂದಿಷ್ಟು ನನ್ನದಾಗಿಸಿಕೊಳ್ಳೋಣ ಅಂತ ಆಸೆಪಡುವ ಇಪ್ಪತ್ತೈದರ ಹುಡುಗರು. ಅವರಿಗೆ ಒಬ್ಬ ಒಂದು ಭರವಸೆ ಮಾರುತ್ತಾನೆ. ಭರವಸೆ ಸುಳ್ಳಾದರೆ ಅವನಿಗೆ ಏನೂ ಆಗಲ್ಲ. ಎಂಜಿನ್ ಹೋದರೆ, ವಾರಂಟಿ ಹೋದರೆ, ಆರ್‌ಟಿಒ ಹಿಡಿದರೆ ತೆರಬೇಕಾದವರು ಕೊಂಡವರು. ಅಳತೆಯಿಲ್ಲದ ಭರವಸೆ ಯಾರದ್ದು, ಅದರ ಖರ್ಚು ಯಾರ ತಲೆ ಮೇಲೆ ಅನ್ನೋದು ರಾಜಕೀಯದ ಪ್ರಶ್ನೆಯೇ.

ಹಾಗಾಗಿ ಲೆಕ್ಕ ಹಾಕಿ ನೋಡೋಣ.

ಪುಲ್ಲಿ ಮಾಡುವ ಕೆಲಸ ಏನು?

ಊರಿನ ಹಿಟ್ಟಿನ ಮಿಲ್ ನೆನಪಿಸಿಕೊಳ್ಳಿ. ಒಂದು ಕಡೆ ಮೋಟರ್, ಇನ್ನೊಂದು ಕಡೆ ರಾಗಿ ಬೀಸುವ ಕಲ್ಲು, ನಡುವೆ ಉದ್ದದ ಬೆಲ್ಟ್. ಮೋಟರಿನ ಗಾಲಿ ಚಿಕ್ಕದಾದರೆ ಕಲ್ಲು ನಿಧಾನ ತಿರುಗುತ್ತೆ, ದೊಡ್ಡದಾದರೆ ಜೋರಾಗಿ ತಿರುಗುತ್ತೆ. ಕಾರಿನಲ್ಲೂ ಅದೇ ತತ್ವ. ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ ತುದಿಯಲ್ಲಿ ಒಂದು ದೊಡ್ಡ ಪುಲ್ಲಿ ಇರುತ್ತೆ. ಅದು ಬೆಲ್ಟಿನ ಮೂಲಕ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಅನೇಕ ಕಾರುಗಳಲ್ಲಿ ವಾಟರ್ ಪಂಪ್, ಹಳೆಯ ಕಾರುಗಳಲ್ಲಿ ಪವರ್ ಸ್ಟೀರಿಂಗ್ ಪಂಪ್, ಇಷ್ಟನ್ನೂ ತಿರುಗಿಸುತ್ತೆ.

ಮಾರುಕಟ್ಟೆಯಲ್ಲಿ ಪಿಕಪ್ ಹೆಸರಲ್ಲಿ ಮಾರುವ ಪುಲ್ಲಿಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಹಗುರ ಪುಲ್ಲಿ. ಅಳತೆ ಅದೇ, ಉಕ್ಕಿನ ಬದಲು ಅಲ್ಯೂಮಿನಿಯಂ. ಎರಡನೆಯದು ಅಂಡರ್‌ಡ್ರೈವ್ ಪುಲ್ಲಿ. ಕ್ರ್ಯಾಂಕ್ ಪುಲ್ಲಿಯ ಸುತ್ತಳತೆಯನ್ನೇ ಚಿಕ್ಕದು ಮಾಡಿ, ಆಲ್ಟರ್ನೇಟರ್, ಕಂಪ್ರೆಸರ್, ಪಂಪುಗಳು ನಿಧಾನ ತಿರುಗುವಂತೆ ಮಾಡೋದು. ಅವುಗಳಿಗೆ ಹೋಗುವ ಶಕ್ತಿ ಉಳಿದು ಚಕ್ರಕ್ಕೆ ಸಿಗುತ್ತೆ ಅನ್ನೋದು ವಾದ. ಬಹಳಷ್ಟು ಪುಲ್ಲಿಗಳಲ್ಲಿ ಎರಡೂ ಸೇರಿಯೇ ಇರುತ್ತವೆ.

ಎರಡೂ ವಾದ ಪೂರ್ತಿ ಸುಳ್ಳಲ್ಲ. ಭೌತಶಾಸ್ತ್ರ ಸರಿಯಾಗಿದೆ. ಎಡವೋದು ಪ್ರಮಾಣದಲ್ಲಿ.

ಹಗುರವಾದರೆ ಎಷ್ಟು ಲಾಭ?

ಒಂದು ಸಣ್ಣ ಹ್ಯಾಚ್‌ಬ್ಯಾಕ್ ತಗೊಳ್ಳಿ. 1.2 ಲೀಟರ್ ಪೆಟ್ರೋಲ್, ಸುಮಾರು 80 ಎಚ್‌ಪಿ. ಇಬ್ಬರು ಕೂತರೆ ಒಟ್ಟು ತೂಕ 1,000 ಕೆ.ಜಿ. ದಾಟುತ್ತೆ. ಕಂಪನಿಯ ಪುಲ್ಲಿ 2 ಕೆ.ಜಿ., ಹೊಸದು 600 ಗ್ರಾಂ ಅಂತಿಟ್ಟುಕೊಳ್ಳೋಣ. ಎರಡರದ್ದೂ ಅರ್ಧವ್ಯಾಸ 7 ಸೆಂಟಿಮೀಟರ್. ಇದು ನಾನು ಉದಾಹರಣೆಗೆ ಹಿಡಿದ ಅಂಕಿ, ಆದರೆ ಮಾರುವವರಿಗೆ ಅನುಕೂಲವಾಗುವಂತೆಯೇ ಹಿಡಿದಿದ್ದೇನೆ.

ತಿರುಗುವ ವಸ್ತುವಿನ ತೂಕ ಕಡಿಮೆಯಾದರೆ ವೇಗ ಹೆಚ್ಚಿಸಿಕೊಳ್ಳುವಾಗ ಎಂಜಿನ್‌ಗೆ ಹೊರೆ ಕಡಿಮೆ. ಇದು ಗೇರ್ ಮೇಲೆ ನಿಂತಿರುತ್ತೆ. ಮೊದಲ ಗೇರಿನಲ್ಲಿ ಚಕ್ರ ಒಂದು ಸುತ್ತು ಹೊಡೆಯುವಷ್ಟರಲ್ಲಿ ಎಂಜಿನ್ ಸುಮಾರು 14 ಸುತ್ತು ಹೊಡೆದಿರುತ್ತೆ, ಐದನೇ ಗೇರಿನಲ್ಲಿ ಮೂರೇ ಸುತ್ತು. ಹೀಗೆ ಲೆಕ್ಕ ಹಾಕಿದರೆ, ಪುಲ್ಲಿ ಹಗುರವಾದದ್ದರ ಪರಿಣಾಮ ಮೊದಲ ಗೇರಿನಲ್ಲಿ ಕಾರಿನಿಂದ ಸುಮಾರು 8.5 ಕೆ.ಜಿ. ಇಳಿಸಿದಂತೆ. ಎರಡನೇ ಗೇರಿನಲ್ಲಿ ಎರಡೂವರೆ ಕೆ.ಜಿ. ಐದನೇ ಗೇರಿನಲ್ಲಿ 400 ಗ್ರಾಂ.

ಪುಲ್ಲಿಯ ತೂಕದಲ್ಲೇ ಉಳಿದ 1.4 ಕೆ.ಜಿ. ಸೇರಿಸಿದರೂ ಮೊದಲ ಗೇರಿನಲ್ಲಿ ಸಿಗುವ ಲಾಭ 10 ಕೆ.ಜಿ.ಗೆ ಸಮ. ರೇಷನ್ ಅಂಗಡಿಯಿಂದ ತಂದ 10 ಕೆ.ಜಿ. ಅಕ್ಕಿಯನ್ನು ಡಿಕ್ಕಿಯಿಂದ ಇಳಿಸಿಟ್ಟಷ್ಟು. ಅದೂ ಮೊದಲ ಗೇರ್ ಇರುವ ನಾಲ್ಕು ಸೆಕೆಂಡು ಮಾತ್ರ. ಸೊನ್ನೆಯಿಂದ ನೂರು ಕಿ.ಮೀ. ವೇಗ ತಲುಪುವಷ್ಟರಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಉಳಿಯಲ್ಲ.

ಮೈಲೇಜ್? ಒಂದೇ ವೇಗದಲ್ಲಿ ಹೋಗುವಾಗ ಹಗುರ ಪುಲ್ಲಿಯಿಂದ ಉಳಿತಾಯವೇ ಇಲ್ಲ. ತಿರುಗೋ ಗಾಲಿಯನ್ನು ತಿರುಗುತ್ತಲೇ ಇಡೋಕೆ ತೂಕ ಲೆಕ್ಕಕ್ಕೆ ಬರಲ್ಲ, ವೇಗ ಏರಿಸುವಾಗ ಮಾತ್ರ ಬರುತ್ತೆ. ಹಾಸನದ ಹೆದ್ದಾರಿಯಲ್ಲಿ 80ರಲ್ಲಿ ಹೋಗುವವರಿಗೆ ಹಗುರ ಪುಲ್ಲಿ ಕೊಡುವ ಮೈಲೇಜ್ ಸೊನ್ನೆ.

"ಇಲ್ಲ ಸಾರ್, ಡೈನೊದಲ್ಲಿ ಹಾಕಿ ತೋರಿಸಿದ್ದಾರೆ" ಅಂತ ಕೆಲವರು ಹೇಳ್ತಾರೆ. ಡೈನೊ ಅಂದರೆ ಕಾರಿನ ಚಕ್ರವನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ. ಅದೇ ಕಾರನ್ನು ಏನೂ ಬದಲಿಸದೆ ಎರಡು ಸಲ ಓಡಿಸಿದರೂ ಶೇ. 1ರಿಂದ 2ರಷ್ಟು ವ್ಯತ್ಯಾಸ ಬರುವುದು ಸಾಮಾನ್ಯ. ಎಂಜಿನ್ ಎಷ್ಟು ಬಿಸಿಯಾಗಿದೆ, ಒಳಗೆ ಹೋಗುವ ಗಾಳಿ ಎಷ್ಟು ಬಿಸಿಯಿದೆ, ಟೈರಿನ ಗಾಳಿ ಎಷ್ಟಿದೆ, ಎಲ್ಲವೂ ಅಂಕಿಯನ್ನು ಅಲುಗಾಡಿಸುತ್ತವೆ. 80 ಎಚ್‌ಪಿ ಕಾರಿನಲ್ಲಿ ಅದೇ ಒಂದೂವರೆ ಎಚ್‌ಪಿ ಆಯಿತು. ನಮ್ಮ ಉದಾಹರಣೆಯ ಪುಲ್ಲಿಯನ್ನೇ 2,000ದಿಂದ 6,000 ಆರ್‌ಪಿಎಂಗೆ ಎಂಟು ಸೆಕೆಂಡಿನಲ್ಲಿ ಏರಿಸಿದರೆ ಉಳಿಯುವ ಶಕ್ತಿ ಅತಿ ಹೆಚ್ಚೆಂದರೆ 110 ವ್ಯಾಟ್, ಅಂದರೆ ಒಂದು ಎಚ್‌ಪಿಯ ಏಳನೇ ಒಂದು ಭಾಗ. ಡೈನೊದ ಅಲುಗಾಟಕ್ಕಿಂತ ಬಹಳ ಕಡಿಮೆ. ಒಂದೇ ಒಂದು ಹಾಳೆ ತೋರಿಸಿ "ನೋಡಿ, ಬಂತು" ಅನ್ನೋದು ಪುರಾವೆಯಲ್ಲ.

ಇನ್ನೊಂದು ಹೋಲಿಕೆ ಕೇಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಇದರಿಂದಲೇ ತನ್ನ ಶಕ್ತಿಯಲ್ಲಿ ಸರಿಸುಮಾರು ಶೇ. 10ರಷ್ಟು ಕಳೆದುಕೊಳ್ಳುತ್ತೆ. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದರೆ, ಅಲ್ಲಿನ ಸೆಖೆ ಒಂದಿಷ್ಟು ಕಿತ್ತುಕೊಂಡರೂ, ಯಾವ ಪುಲ್ಲಿಗಿಂತಲೂ ಹೆಚ್ಚು ಶಕ್ತಿ ಪುಕ್ಕಟೆಯಾಗಿ ವಾಪಸ್ ಬರುತ್ತೆ.

ನಿಧಾನ ತಿರುಗಿಸಿದರೆ ಎಷ್ಟು ಲಾಭ?

ಈಗ ಅಂಡರ್‌ಡ್ರೈವ್ ಪುಲ್ಲಿಗೆ ಬರೋಣ. ಈ ಯೋಚನೆಗೆ ಒಂದು ಹುಟ್ಟೂರಿದೆ: ಅಮೆರಿಕದ ದೊಡ್ಡ ವಿ8 ಎಂಜಿನ್‌ಗಳು. 1980ರ ದಶಕದ 5.0 ಲೀಟರ್ ಮಸ್ಟಾಂಗ್ ತರಹದ ಕಾರುಗಳಲ್ಲಿ ದೊಡ್ಡ ವಾಟರ್ ಪಂಪ್, ಹೈಡ್ರಾಲಿಕ್ ಸ್ಟೀರಿಂಗ್ ಪಂಪ್, ದೊಡ್ಡ ಆಲ್ಟರ್ನೇಟರ್ ಎಲ್ಲವೂ ಬೆಲ್ಟಿಗೆ ಜೋತುಬಿದ್ದಿರುತ್ತಿದ್ದವು. ಡ್ರ್ಯಾಗ್ ರೇಸ್ ಓಡಿಸುವವರು ಹತ್ತು ಹದಿನೈದು ಸೆಕೆಂಡಿನ ಓಟಕ್ಕಾಗಿ ಇವನ್ನು ನಿಧಾನ ಮಾಡಿದರು. ಅಲ್ಲಿ ಅದಕ್ಕೊಂದು ಅರ್ಥ ಇತ್ತು.

ಇವತ್ತಿನ ನಮ್ಮ ಸಣ್ಣ ಕಾರುಗಳಲ್ಲಿ ಏನು ಉಳಿದಿದೆ? ಸ್ಟೀರಿಂಗ್ ವಿದ್ಯುತ್ತಿನದ್ದಾಗಿದೆ. ರೇಡಿಯೇಟರ್ ಫ್ಯಾನ್ ವಿದ್ಯುತ್ತಿನದ್ದೇ. ಬೆಲ್ಟಿನ ಮೇಲೆ ಉಳಿದಿರೋದು ಆಲ್ಟರ್ನೇಟರ್, ಎಸಿ, ಕೆಲವು ಕಡೆ ವಾಟರ್ ಪಂಪ್.

ಆಲ್ಟರ್ನೇಟರ್ ನೋಡಿ. ಹೆಡ್‌ಲೈಟು, ಫ್ಯಾನು, ಇಂಧನ ಪಂಪು ಎಲ್ಲ ಸೇರಿ 50 ಆಂಪಿಯರ್ ಎಳೆಯುತ್ತಿವೆ ಅಂದುಕೊಳ್ಳಿ. 14 ವೋಲ್ಟಿನಲ್ಲಿ ಅದು 700 ವ್ಯಾಟ್. ಆಲ್ಟರ್ನೇಟರ್‌ನ ನಷ್ಟ ಸೇರಿಸಿದರೆ ಎಂಜಿನ್‌ನಿಂದ ಸುಮಾರು ಒಂದೂವರೆ ಎಚ್‌ಪಿ ಹೋಗುತ್ತೆ. ಅದನ್ನು ನಿಧಾನ ತಿರುಗಿಸಿದ ಮಾತ್ರಕ್ಕೆ ನಿಮ್ಮ ಹೆಡ್‌ಲೈಟಿಗೆ ಬೇಕಾದ ಕರೆಂಟು ಕಡಿಮೆಯಾಗಲ್ಲ. ಒಳಗಿನ ರೆಗ್ಯುಲೇಟರ್ ಕಾಂತಕ್ಷೇತ್ರ ಹೆಚ್ಚಿಸಿ ಅಷ್ಟೇ ಕರೆಂಟು ಹುಟ್ಟಿಸುತ್ತೆ, ಎಂಜಿನ್‌ನಿಂದ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಪಡೆಯುತ್ತೆ. ಉಳಿಯೋದು ಅದರ ಫ್ಯಾನು, ಬೇರಿಂಗಿನ ಚಿಲ್ಲರೆ ನಷ್ಟ ಮಾತ್ರ.

ಎಸಿ ಕಂಪ್ರೆಸರ್ ನಿಜಕ್ಕೂ ದೊಡ್ಡ ಹೊರೆ, ಸಣ್ಣ ಕಾರಿನಲ್ಲೂ ಎರಡು ಮೂರು ಎಚ್‌ಪಿ ತಿನ್ನುತ್ತೆ. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅನೇಕ ಸಣ್ಣ ಕಾರುಗಳ ಇಸಿಯು ಕಂಪ್ರೆಸರನ್ನು ಕೆಲ ಸೆಕೆಂಡು ತಾನೇ ಬಿಡಿಸಿಬಿಡುತ್ತೆ. ಓವರ್‌ಟೇಕ್ ಮಾಡುವಾಗ ನಿಮಗೆ ಬೇಕಾದ ಶಕ್ತಿಯನ್ನು ಕಂಪನಿ ಆಗಲೇ ಕೊಟ್ಟಿದೆ. ಅದಿಲ್ಲದ ಕಾರಿನಲ್ಲಿ ಎಸಿ ಸ್ವಿಚ್ ಒತ್ತಿ ಆಫ್ ಮಾಡಿದರಾಯಿತು, ಪುಲ್ಲಿಗಿಂತ ಹೆಚ್ಚು ಲಾಭ, ಖರ್ಚಿಲ್ಲ.

ವಾಟರ್ ಪಂಪ್ ಒಂದರಲ್ಲಿ ಮಾತ್ರ ಲೆಕ್ಕ ಚೆನ್ನಾಗಿ ಕಾಣುತ್ತೆ. ಪಂಪಿನ ವೇಗ ಶೇ. 20 ಕಡಿಮೆ ಮಾಡಿದರೆ ಅದು ತಿನ್ನುವ ಶಕ್ತಿ ಅರ್ಧಕ್ಕೆ ಇಳಿಯುತ್ತೆ. ಆದರೆ ಸಣ್ಣ ಎಂಜಿನ್‌ನಲ್ಲಿ ಆ ಪಂಪು ತಿನ್ನುವುದೇ ಕಡಿಮೆ, ಅದರ ಅರ್ಧ ಇನ್ನೂ ಕಡಿಮೆ. ಜತೆಗೆ ಹರಿಯುವ ನೀರೂ ಶೇ. 20 ಕಡಿಮೆಯಾಗುತ್ತೆ.

ಈಗ ಏಪ್ರಿಲ್ ತಿಂಗಳ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಎಂಜಿನ್ 750 ಆರ್‌ಪಿಎಂನಲ್ಲಿ ಐಡ್ಲಿಂಗ್. ಕಂಪನಿ ಪುಲ್ಲಿಯಲ್ಲಿ 1,900ರ ಸುಮಾರಿಗೆ ತಿರುಗುತ್ತಿದ್ದ ಆಲ್ಟರ್ನೇಟರ್ ಈಗ 1,500ರಲ್ಲಿ ತಿರುಗುತ್ತಿದೆ. ಆ ವೇಗದಲ್ಲಿ ಅದರ ಕೈಲಾಗುವುದೇ ಕಡಿಮೆ. ಎಸಿ ಆನ್, ಫ್ಯಾನ್ ಆನ್, ಫೋನ್ ಚಾರ್ಜಿಂಗ್. ಸಾಲದ ಕರೆಂಟನ್ನು ಬ್ಯಾಟರಿ ಕೊಡುತ್ತೆ. ಎಸಿ ತಣ್ಣಗಾಗಲ್ಲ. ಎಂಜಿನ್‌ನ ಬಿಸಿ ಸೂಜಿ ಮೇಲೇಳುತ್ತೆ. ಡ್ರ್ಯಾಗ್ ರೇಸಿನ ಹತ್ತು ಸೆಕೆಂಡಿಗಾಗಿ ಮಾಡಿದ ಉಪಾಯವನ್ನು ದಿನಕ್ಕೆ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ನಿಲ್ಲುವ ಗಾಡಿಗೆ ಹಾಕಿದರೆ ಆಗೋದು ಇದು.

ಕಾಣದ ರಬ್ಬರ್ ಉಂಗುರ

ಇಲ್ಲಿವರೆಗಿನದ್ದು ಲಾಭ ಕಡಿಮೆ ಅನ್ನೋ ಮಾತು. ಅಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಶೋಕಿಗೆ ದುಡ್ಡು ಖರ್ಚು ಮಾಡೋದು ಅಪರಾಧವಲ್ಲ. ವಿಷಯ ಇರೋದು ಕಳೆದುಕೊಳ್ಳುವುದರಲ್ಲಿ.

ಅನೇಕ ಕಾರುಗಳ ಕ್ರ್ಯಾಂಕ್ ಪುಲ್ಲಿ ಒಂದೇ ತುಂಡಲ್ಲ. ನಡುವೆ ಒಂದು ಲೋಹದ ಗುಬ್ಬ, ಹೊರಗೆ ಒಂದು ಭಾರವಾದ ಲೋಹದ ಬಳೆ, ಎರಡರ ಮಧ್ಯೆ ರಬ್ಬರ್. ಹೊರಗಿನಿಂದ ನೋಡಿದರೆ ಸಣ್ಣ ಕಪ್ಪು ಗೆರೆಯಷ್ಟೇ. ಇದನ್ನು ಡ್ಯಾಂಪರ್ ಅಂತಾರೆ. ಬೆಲ್ಟ್ ತಿರುಗಿಸೋದು ಇದರ ಅರ್ಧ ಕೆಲಸ ಮಾತ್ರ.

ಉಳಿದ ಅರ್ಧ ಹೀಗೆ. ನಾಲ್ಕು ಸಿಲಿಂಡರ್ ಎಂಜಿನ್ 3,000 ಆರ್‌ಪಿಎಂನಲ್ಲಿದ್ದಾಗ ಒಂದು ಸೆಕೆಂಡಿಗೆ ನೂರು ಸಲ ಸ್ಫೋಟ ನಡೆಯುತ್ತೆ. ಪ್ರತಿ ಸ್ಫೋಟವೂ ಕ್ರ್ಯಾಂಕ್‌ಶಾಫ್ಟಿಗೆ ಒಂದು ಏಟು. ಉಕ್ಕಾದರೂ ಅದು ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ನೇರವಾಗುತ್ತೆ. ಜೋಕಾಲಿಯಲ್ಲಿ ಕೂತವರನ್ನು ಸರಿಯಾದ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ತಳ್ಳುತ್ತಿದ್ದರೆ ತೂಗು ದೊಡ್ಡದಾಗುತ್ತಾ ಹೋಗುತ್ತಲ್ಲ, ಹಾಗೆ ಕೆಲವು ನಿರ್ದಿಷ್ಟ ಆರ್‌ಪಿಎಂಗಳಲ್ಲಿ ಈ ತಿರುಚಾಟ ಒಂದರ ಮೇಲೊಂದು ಸೇರಿ ಬೆಳೆಯುತ್ತೆ. ಡ್ಯಾಂಪರ್‌ನ ಭಾರದ ಬಳೆ ಆಗ ವಿರುದ್ಧ ದಿಕ್ಕಿಗೆ ಎಳೆಯುತ್ತೆ, ರಬ್ಬರ್ ಆ ಶಕ್ತಿಯನ್ನು ನುಂಗಿ ಬಿಸಿಯಾಗಿಸಿ ಬಿಡುತ್ತೆ.

ಅಲ್ಯೂಮಿನಿಯಂ ಪುಲ್ಲಿಯಲ್ಲಿ ಬಳೆಯೂ ಇಲ್ಲ, ರಬ್ಬರೂ ಇಲ್ಲ. "2 ಕೆ.ಜಿ. ಉಳಿಸಿದ್ವಿ" ಅಂತ ಹೇಳುವಾಗ ಉಳಿಸಿದ್ದು ಆ ರಕ್ಷಣೆಯ ತೂಕವನ್ನೇ.

ಅದನ್ನು ತೆಗೆದ ಮಾರನೆಯ ದಿನವೇ ಎಂಜಿನ್ ಒಡೆಯಲ್ಲ. ಮೋಸ ಇರೋದೂ ಅಲ್ಲೇ. ಸಾವಿರಾರು ಕಿಲೋಮೀಟರ್ ಏನೂ ಆಗದೆ ಓಡಬಹುದು. ಆಮೇಲೆ ಟೈಮಿಂಗ್ ಚೈನ್ ಸವೆಯಬಹುದು, ಕ್ರ್ಯಾಂಕಿನಿಂದಲೇ ತಿರುಗುವ ಆಯಿಲ್ ಪಂಪಿನ ಗೇರ್ ಸೀಳಬಹುದು, ಬೋಲ್ಟ್ ಸಡಿಲವಾಗಬಹುದು, ಅಪರೂಪಕ್ಕೆ ಕ್ರ್ಯಾಂಕೇ ಬಿರುಕು ಬಿಡಬಹುದು. ಅಷ್ಟರಲ್ಲಿ ಪುಲ್ಲಿ ಹಾಕಿಸಿ ಎರಡು ವರ್ಷ ಆಗಿರುತ್ತೆ, ಕಾರಣ ಇದೇ ಅಂತ ಯಾರೂ ಹೇಳಲ್ಲ. ಮಾರಿದವನು "ಎಂಜಿನ್ ಹಳೇದು ಗುರು" ಅಂತಾನೆ.

ಎಲ್ಲ ಎಂಜಿನ್‌ಗೂ ಡ್ಯಾಂಪರ್ ಇರುತ್ತೆ ಅಂತಲ್ಲ. ಕ್ರ್ಯಾಂಕ್ ಗಿಡ್ಡವಾಗಿ ಗಟ್ಟಿಯಾಗಿದ್ದರೆ ಕೆಲವು ಸಣ್ಣ ಎಂಜಿನ್‌ಗಳಿಗೆ ಕಂಪನಿಯೇ ಒಂದೇ ತುಂಡಿನ ಪುಲ್ಲಿ ಕೊಟ್ಟಿರುತ್ತೆ. ಅಲ್ಲಿ ಅಪಾಯ ಕಡಿಮೆ. ಉದ್ದ ಕ್ರ್ಯಾಂಕಿನ ಆರು ಸಿಲಿಂಡರ್ ಸಾಲು ಎಂಜಿನ್‌ಗಳಲ್ಲಿ ಅಪಾಯ ಹೆಚ್ಚು. ಹಾಗಾಗಿ "ನನ್ನ ಗೆಳೆಯ ಹಾಕಿಸಿದ್ದಾನೆ, ಏನೂ ಆಗಿಲ್ಲ" ಅನ್ನೋದು ನಿಮ್ಮ ಎಂಜಿನ್‌ಗೆ ಉತ್ತರವಲ್ಲ.

ನಮ್ಮ ರಸ್ತೆಯ ಹೊಸ ಕಾರುಗಳಲ್ಲಿ ಇನ್ನೂ ಎರಡು ತೊಡಕು

ಮೊದಲನೆಯದು ಮೂರು ಸಿಲಿಂಡರ್. ಈಗ ನಮ್ಮಲ್ಲಿ ಮಾರಾಟವಾಗುವ ಸಣ್ಣ ಕಾರುಗಳಲ್ಲಿ ಮೂರು ಸಿಲಿಂಡರ್ ಎಂಜಿನ್ ಬಹಳ ಇವೆ, 2024ರ ಹೊಸ ಸ್ವಿಫ್ಟ್ ಕೂಡ ಹಾಗೇ ಆಗಿದೆ. ಮೂರು ಸಿಲಿಂಡರ್ ಹುಟ್ಟಾ ಅಲುಗಾಡುವ ಜಾತಿ. ಫೋರ್ಡ್ ತನ್ನ 1.0 ಲೀಟರ್ ಇಕೋಬೂಸ್ಟ್ ಎಂಜಿನ್‌ನಲ್ಲಿ, 2013ರಲ್ಲಿ ನಮ್ಮ ಇಕೋಸ್ಪೋರ್ಟ್‌ಗೂ ಬಂದ ಎಂಜಿನ್ ಅದು, ಒಂದು ಜಾಣತನ ಮಾಡಿತು. ಪ್ರತ್ಯೇಕ ಬ್ಯಾಲೆನ್ಸ್ ಶಾಫ್ಟ್ ಹಾಕುವ ಬದಲು ಮುಂದಿನ ಪುಲ್ಲಿಯನ್ನೂ ಹಿಂದಿನ ಫ್ಲೈವೀಲನ್ನೂ ಬೇಕೆಂದೇ ಒಂದು ಪಕ್ಕ ಭಾರ ಮಾಡಿ, ಅಲುಗಾಟ ಹೆಚ್ಚು ತೊಂದರೆ ಕೊಡದ ದಿಕ್ಕಿಗೆ ತಿರುಗಿಸಿತು. ಅಂಥ ಎಂಜಿನ್‌ಗೆ "ಪರ್ಫೆಕ್ಟ್ ಬ್ಯಾಲೆನ್ಸ್" ಮಾಡಿದ ಅಂದವಾದ ಪುಲ್ಲಿ ಹಾಕಿದರೆ ಕೆಡಿಸಿದಂತೆಯೇ.

ಎರಡನೆಯದು ಮೈಲ್ಡ್ ಹೈಬ್ರಿಡ್. ಮಾರುತಿಯ ಸಿಯಾಜ್, ಎರ್ಟಿಗಾಗಳಲ್ಲಿ 2015ರಿಂದ ಬಂದ ವ್ಯವಸ್ಥೆಯಲ್ಲಿ ಆಲ್ಟರ್ನೇಟರ್ ಜಾಗದಲ್ಲಿರುವ ಯಂತ್ರ ಮೋಟರಿನಂತೆಯೂ ಕೆಲಸ ಮಾಡುತ್ತೆ. ಸಿಗ್ನಲ್‌ನಲ್ಲಿ ನಿಂತ ಎಂಜಿನನ್ನು ಬೆಲ್ಟಿನ ಮೂಲಕವೇ ಮತ್ತೆ ಎಬ್ಬಿಸುತ್ತೆ, ಬ್ರೇಕ್ ಒತ್ತಿದಾಗ ಕರೆಂಟು ಹಿಡಿದಿಡುತ್ತೆ. ಇಲ್ಲಿ ಪುಲ್ಲಿಯ ಸುತ್ತಳತೆ ಬದಲಿಸಿದರೆ ಕಂಪನಿ ಕೂಡಿಸಿದ ಲೆಕ್ಕವೇ ತಪ್ಪುತ್ತೆ. ಮೈಲೇಜಿಗಾಗಿ ಇರುವ ವ್ಯವಸ್ಥೆಯನ್ನು ಮೈಲೇಜಿನ ಹೆಸರಲ್ಲೇ ಹಾಳುಮಾಡಿದಂತೆ.

ಇದರ ಮೇಲೆ ಬಿಚ್ಚಿ ಹಾಕುವ ಕೆಲಸದ್ದೇ ಅಪಾಯ. ಕೆಲವು ಎಂಜಿನ್‌ಗಳಲ್ಲಿ, ಫೋರ್ಡಿನ ಹಲವು ಎಂಜಿನ್ ಸೇರಿ, ಕ್ರ್ಯಾಂಕ್ ತುದಿಯಲ್ಲಿ ಪುಲ್ಲಿ ಜಾರದಂತೆ ಹಿಡಿಯುವ ಕೀ ಇರಲ್ಲ. ಬೋಲ್ಟಿನ ಬಿಗಿಯೊಂದೇ ಎಲ್ಲವನ್ನೂ ಹಿಡಿದಿರುತ್ತೆ. ಅಲ್ಲಿ ಪುಲ್ಲಿ ಬಿಚ್ಚಿದರೆ ಟೈಮಿಂಗ್ ಕೂಡ ಸಡಿಲವಾಗುತ್ತೆ, ಬಹಳ ಸಲ ಬೋಲ್ಟನ್ನೂ ಹೊಸದೇ ಹಾಕಬೇಕು. ಇದು ಗೊತ್ತಿಲ್ಲದವರು ಹಳೇ ಬೋಲ್ಟನ್ನೇ ಗನ್ನಿನಿಂದ ಬಿಗಿದು ಕಳಿಸಿದರೆ ವಾಲ್ವಿಗೆ ಪಿಸ್ಟನ್ ಬಡಿಯುವ ದಿನಕ್ಕೆ ಕಾಯಬೇಕಷ್ಟೆ.

ಹಾಗಾದರೆ ಎಲ್ಲೂ ಉಪಯೋಗ ಇಲ್ವಾ?

ಇದೆ. ಸೂಪರ್‌ಚಾರ್ಜರ್ ಇರುವ ಕಾರಿನಲ್ಲಿ ಪುಲ್ಲಿ ಬದಲಿಸಿದರೆ ನಿಜಕ್ಕೂ ಶಕ್ತಿ ಬರುತ್ತೆ. ಸೂಪರ್‌ಚಾರ್ಜರ್ ಅಂದರೆ ಬೆಲ್ಟಿನಿಂದ ತಿರುಗಿ ಎಂಜಿನ್‌ಗೆ ಗಾಳಿ ತುರುಕುವ ಪಂಪು. ಅದರ ಪುಲ್ಲಿ ಚಿಕ್ಕದಾದರೆ ಅದು ಜೋರಾಗಿ ತಿರುಗುತ್ತೆ, ಹೆಚ್ಚು ಗಾಳಿ ಹೋಗುತ್ತೆ, ಹೆಚ್ಚು ಇಂಧನ ಉರಿಯುತ್ತೆ. ಇಪ್ಪತ್ತು ವರ್ಷ ಹಿಂದಿನ ಸೂಪರ್‌ಚಾರ್ಜ್ಡ್ ಮಿನಿ ಕೂಪರ್ ಎಸ್ ಇದಕ್ಕೆ ಹೆಸರುವಾಸಿ. ಶೇ. 15ರಷ್ಟು ಚಿಕ್ಕ ಪುಲ್ಲಿ ಹಾಕಿಸೋದು ಅದರ ಮಾಲೀಕರಲ್ಲಿ ವಾಡಿಕೆಯೇ ಆಗಿತ್ತು. ಅಲ್ಲೂ ಶಕ್ತಿ ಬಂದದ್ದು ಹೆಚ್ಚಿನ ಗಾಳಿಯಿಂದ, ಪುಲ್ಲಿ ಹಗುರವಾದದ್ದರಿಂದಲ್ಲ. "ಪುಲ್ಲಿ ಬದಲಿಸಿದ್ರು, ಕಾರು ಹಾರಿತು" ಅನ್ನೋ ಕತೆಗಳಲ್ಲಿ ಕೆಲವು ಇಲ್ಲಿಂದ ಬಂದವು. ನಮ್ಮ ಸ್ವಿಫ್ಟು, ಐ20ಗಳಲ್ಲಿ ಸೂಪರ್‌ಚಾರ್ಜರ್ ಇಲ್ಲ.

ರ‍್ಯಾಲಿ, ರೇಸ್ ಓಡಿಸುವವರಿಗೂ ಲೆಕ್ಕ ಬೇರೆ. ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಹತ್ತನೇ ಒಂದು ಸೆಕೆಂಡಿಗೆ ಬೆಲೆಯಿದೆ, ಎಂಜಿನನ್ನು ಆಗಾಗ ಪೂರ್ತಿ ಬಿಚ್ಚಿ ನೋಡುತ್ತಾರೆ. ಗಂಭೀರವಾಗಿ ರೇಸ್ ಎಂಜಿನ್ ಕಟ್ಟುವವರು ಡ್ಯಾಂಪರ್ ತೆಗೆಯೋದಿಲ್ಲ, ಇನ್ನೂ ಒಳ್ಳೆಯ ಡ್ಯಾಂಪರ್ ಹಾಕುತ್ತಾರೆ.

ಇನ್ನೊಂದು ಮಾತು ಸ್ಪಷ್ಟವಾಗಲಿ. ಆಫ್ಟರ್‌ಮಾರ್ಕೆಟ್ ಅಂದ ತಕ್ಷಣ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸವೆದ ಪುಲ್ಲಿ, ಕಿರುಗುಡುವ ಐಡ್ಲರ್ ಬೇರಿಂಗ್, ರಬ್ಬರ್ ಬಿರುಕು ಬಿಟ್ಟ ಡ್ಯಾಂಪರ್, ಇವನ್ನು ಬದಲಿಸಲೇಬೇಕು. ಅದೇ ಅಳತೆ, ಅದೇ ರಚನೆಯ ಪುಲ್ಲಿಯನ್ನು ಹೆಸರಿರುವ ಬಿಡಿಭಾಗ ತಯಾರಕರಿಂದ ಕೊಂಡರೆ ತಪ್ಪೇನಿಲ್ಲ. ಕಾರು ಕಂಪನಿಯ ಪೆಟ್ಟಿಗೆಯೊಳಗೇ ಇದ್ದರೆ ಮಾತ್ರ ಒಳ್ಳೆಯದು ಅನ್ನೋದು ಕಂಪನಿಗಳ ಹಳೇ ಪಾಠ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದ್ದು ಇದಕ್ಕೇ. ಬಿಡಿಭಾಗಗಳನ್ನೂ ರಿಪೇರಿ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಗ್ರಾಹಕರ ಆಯ್ಕೆ ಕಿತ್ತುಕೊಂಡಿದ್ದಾರೆ ಅಂತ ಆಯೋಗ ಹೇಳಿತು. ಪ್ರಕರಣ ಮೇಲ್ಮನವಿಗೆ ಹೋಯಿತು, ಆದರೆ ಪ್ರಶ್ನೆ ಹಾಗೇ ಇದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಶುರುಮಾಡಿದ 'ರೈಟ್ ಟು ರಿಪೇರ್' ಪೋರ್ಟಲ್‌ನಲ್ಲಿ ವಾಹನಗಳೂ ಸೇರಿವೆ.

ನನ್ನ ಕಾರನ್ನು ನಾನು ಬಿಚ್ಚುವ, ನನ್ನ ಗಲ್ಲಿಯ ಮೆಕ್ಯಾನಿಕ್ ಹತ್ತಿರ ರಿಪೇರಿ ಮಾಡಿಸುವ ಹಕ್ಕು ನನಗೆ ಬೇಕು. ಆ ಹಕ್ಕಿನ ಹೆಸರಲ್ಲಿ ಯಾರೋ ಅಳತೆಯಿಲ್ಲದ ಎಚ್‌ಪಿ ಮಾರೋದು ಬೇಡ. ಎರಡನ್ನೂ ಒಟ್ಟಿಗೆ ಹೇಳಬಹುದು, ಹೇಳಬೇಕು.

ಕಾನೂನು ಯಾರನ್ನು ಹಿಡಿಯುತ್ತೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಪುಲ್ಲಿಯ ಮಾತಿಲ್ಲ, ಹಾಗಾಗಿ ಪುಲ್ಲಿಯೊಂದಕ್ಕೇ ಈ ಸೆಕ್ಷನ್ ಬೀಳುತ್ತೆ ಅಂತ ನಾನು ವಾದಿಸಲ್ಲ. ಆದರೆ 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ನಿನ ನಾಲ್ಕನೇ ಉಪವಿಭಾಗ ಇನ್ನೂ ಅಗಲ. ಅನುಮತಿಯಿಲ್ಲದ ರೀತಿಯಲ್ಲಿ ಭಾಗ ಜೋಡಿಸಿ ವಾಹನ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಮಾರುವವನಿಗೆ? ಅದೇ ಸೆಕ್ಷನ್ನಿನ ಮೂರನೇ ಉಪವಿಭಾಗದಲ್ಲಿ ಒಂದು ವರ್ಷದವರೆಗೆ ಜೈಲು, ಪ್ರತಿ ಭಾಗಕ್ಕೆ 1 ಲಕ್ಷ ರೂಪಾಯಿ ದಂಡ ಇದೆ. ಕೇಳೋಕೆ ಜೋರಾಗಿದೆ. ಆದರೆ ಅದು ಅನ್ವಯವಾಗೋದು ಸುರಕ್ಷತೆಗೆ ಅತಿ ಮುಖ್ಯ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಭಾಗಗಳು ನಿಯಮಕ್ಕೆ ತಕ್ಕಂತೆ ಇಲ್ಲದಿದ್ದಾಗ ಮಾತ್ರ. ಕೊಂಡವನ ಮೇಲೆ ಬೀಸಿದ ಬಲೆ ಅಗಲ, ಮಾರಿದವನ ಮೇಲಿನದು ಕಿರಿದು. ರಸ್ತೆಯಲ್ಲಿ ನಿಲ್ಲಿಸಿ ಕೇಳೋದೂ ಗಾಡಿ ಓಡಿಸುವ ಹುಡುಗನನ್ನೇ, ಆನ್‌ಲೈನ್‌ನಲ್ಲಿ "10 ಎಚ್‌ಪಿ ಗ್ಯಾರಂಟಿ" ಅಂತ ಬರೆದವನನ್ನಲ್ಲ.

ನಮ್ಮ ಕೈಯಲ್ಲಿ ಇರುವ ದಾರಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ವಸ್ತುವಿನ ದೂರಿಗೆ ಶುಲ್ಕವೇ ಇಲ್ಲ. ಆದರೆ ಬಿಲ್ ಇರಬೇಕು. ಜೆ.ಸಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಬಿಲ್ ಇಲ್ಲದೆ ಕೊಂಡ ಭರವಸೆಗೆ ಯಾವ ಆಯೋಗವೂ ಸುಲಭಕ್ಕೆ ಉತ್ತರ ಕೊಡಿಸಲಾರದು.

ಕೇಳಬೇಕಾದ ನಾಲ್ಕು ಪ್ರಶ್ನೆ

ಇಷ್ಟೆಲ್ಲ ಓದಿಯೂ ಹಾಕಿಸಬೇಕು ಅನ್ನಿಸಿದರೆ, ದುಡ್ಡು ಕೊಡುವ ಮುಂಚೆ ಇಷ್ಟು ಕೇಳಿ.

ಒಂದು, ನನ್ನ ಎಂಜಿನ್‌ನ ಈಗಿನ ಪುಲ್ಲಿಯಲ್ಲಿ ರಬ್ಬರ್ ಡ್ಯಾಂಪರ್ ಇದೆಯಾ? ಇದ್ದರೆ ನಿಮ್ಮದರಲ್ಲಿ ಅದರ ಜಾಗದಲ್ಲಿ ಏನಿದೆ?

ಎರಡು, ಎಚ್‌ಪಿ ಅಳೆದದ್ದು ಯಾವ ಕಾರಿನಲ್ಲಿ? ಹಳೇ ಪುಲ್ಲಿಯಲ್ಲಿ ಮೂರು ಸಲ, ಹೊಸದರಲ್ಲಿ ಮೂರು ಸಲ, ಅದೇ ದಿನ ಓಡಿಸಿದ ಹಾಳೆ ಇದೆಯಾ?

ಮೂರು, ಬೆಲ್ಟಿನ ಉದ್ದ, ಬೋಲ್ಟಿನ ಬಿಗಿ ಎಷ್ಟು ಅಂತ ಬರೆದುಕೊಡ್ತೀರಾ?

ನಾಲ್ಕು, ನೀವು ಹೇಳಿದ ಎಚ್‌ಪಿಯನ್ನೂ ಮೈಲೇಜನ್ನೂ ಬಿಲ್ಲಿನಲ್ಲಿ ಬರೆದು ಸಹಿ ಹಾಕ್ತೀರಾ?

ನಾಲ್ಕನೆಯದನ್ನು ಕೇಳಿದಾಗ ಮಾತಿನ ಧಾಟಿ ಬದಲಾದರೆ ಉತ್ತರ ಸಿಕ್ಕಂತೆ.

ನನ್ನನ್ನು ಕೇಳುವ ಹುಡುಗರಿಗೆ ನಾನು ಹೇಳೋದು ಇಷ್ಟು. ಟರ್ಬೊ ಆಗಲಿ, ಸಾದಾ ಆಗಲಿ, ರಸ್ತೆಯಲ್ಲಿ ದಿನಾ ಓಡುವ ಸಣ್ಣ ಕಾರಿಗೆ ಶಕ್ತಿಯ ಆಸೆಯಿಂದ ಕ್ರ್ಯಾಂಕ್ ಪುಲ್ಲಿ ಬದಲಿಸಬೇಡಿ. ಅದೇ ದುಡ್ಡಿನಲ್ಲಿ ಮೊದಲು ಟೈರ್ ನೋಡಿ, ಸವೆದಿದ್ದರೆ ಒಳ್ಳೆಯದು ಹಾಕಿಸಿ, ವಾರಕ್ಕೊಮ್ಮೆ ಗಾಳಿ ಚೆಕ್ ಮಾಡಿ. ವೀಲ್ ಅಲೈನ್‌ಮೆಂಟ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್ ನೋಡಿಸಿ. ಬಾನೆಟ್ ಎತ್ತಿ ಬೆಲ್ಟಿನಲ್ಲಿ ಬಿರುಕು ಇದೆಯಾ, ಪುಲ್ಲಿಯ ರಬ್ಬರ್ ಗೆರೆ ಉಬ್ಬಿದೆಯಾ, ಎಂಜಿನ್ ಓಡುವಾಗ ಪುಲ್ಲಿ ಕುಣಿಯುತ್ತಾ ಅಂತ ಟಾರ್ಚ್ ಹಾಕಿ ನೋಡಿ. ಕುಣಿಯುತ್ತಿದ್ದರೆ ಡ್ಯಾಂಪರ್ ಇರುವ ಅದೇ ಬಗೆಯ ಪುಲ್ಲಿಯನ್ನೇ ಹಾಕಿಸಿ, ಬಿಲ್ ತಗೊಳ್ಳಿ, ಬಿಚ್ಚಿದ ಹಳೆಯದನ್ನೂ ಕೇಳಿ ಪಡೆಯಿರಿ.

ಗಾಡಿಗೆ ಬಣ್ಣದ ಪುಲ್ಲಿ ಬೇಕೇ ಬೇಕು ಅನ್ನೋ ಆಸೆಯನ್ನು ನಾನು ಆಡಿಕೊಳ್ಳಲ್ಲ. ಸಾಲ ಮಾಡಿ ಕೊಂಡ ವಸ್ತುವಿನ ಮೇಲೆ ಪ್ರೀತಿ ಇರೋದು ಸಹಜ. ಆ ಪ್ರೀತಿಯನ್ನೇ ಹಿಡಿದು ವ್ಯಾಪಾರ ಮಾಡುವವರು ಅಂಕಿ ಹೇಳಿದಾಗ, ಅಳತೆ ಎಲ್ಲಿ ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳೋಣ. ಪುಲ್ಲಿಯ ಅಂಗಡಿಯಲ್ಲಿ ರೂಢಿಯಾದ ಆ ಪ್ರಶ್ನೆ ಚುನಾವಣಾ ಸಭೆಯಲ್ಲೂ ಉಪಯೋಗಕ್ಕೆ ಬರುತ್ತೆ.